ಕೀಲಿ ರಿಪೇರಿ, ಅಲಾರಂ ಅಂಗಡಿಗೆ ಏನೇನು ಲೈಸೆನ್ಸ್ ಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ಯಾದಗಿರಿ:
ನನ್ನ ತಮ್ಮ ಕಲಬುರಗಿಯಲ್ಲಿ ಅಂಗಡಿ ಹಿಡಿಯುತ್ತಿದ್ದಾನೆ. ಕೀಲಿ ರಿಪೇರಿ, ಡೂಪ್ಲಿಕೇಟ್ ಚಾವಿ, ಜೊತೆಗೆ ಸಿಸಿ ಕ್ಯಾಮೆರಾ ಮತ್ತು ಅಲಾರಂ ಕೂಡಿಸುವ ಕೆಲಸ. ಒಬ್ಬ ಏಜೆಂಟ್ "ಕೀಲಿ ಕೆಲಸಕ್ಕೆ ಸರ್ಕಾರದ ಲೈಸೆನ್ಸ್ ಬೇಕು, ಹದಿನೈದು ಸಾವಿರ ಕೊಡಿ, ಮಾಡಿಸಿಕೊಡ್ತೀನಿ" ಅಂತ ಬೆನ್ನು ಬಿದ್ದಿದ್ದಾನೆ. ನಿಜವಾಗಿ ಏನು ಬೇಕು?

ಚಾವಿ ಅಂಗಡಿಯವರು, ಕಲಬುರಗಿ:
ಅಣ್ಣಾ, ಅವನಿಗೆ ಒಂದು ರೂಪಾಯಿ ಕೊಡಬೇಡಿ. ಚಾವಿ ಮಾಡುವವರಿಗೆ ಅಂತಲೇ ಬೇರೆ ಲೈಸೆನ್ಸ್ ನಮ್ಮ ರಾಜ್ಯದಲ್ಲಿ ಇಲ್ಲ. ಬೇಕಾಗಿರುವುದು ಎಲ್ಲ ಅಂಗಡಿಗೂ ಬೇಕಾಗುವ ಕಾಗದವೇ. ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್. ಕಾರ್ಮಿಕ ಇಲಾಖೆಯಲ್ಲಿ 1961ರ ಅಂಗಡಿ ಕಾಯ್ದೆ ಪ್ರಕಾರ ನೋಂದಣಿ, ಅದು ಅಂಗಡಿ ತೆರೆದ 30 ದಿನದೊಳಗೆ. ಇಷ್ಟೇ.

ಲೈಸೆನ್ಸ್ ಇಲ್ಲ ಅಂದರೆ ಜವಾಬ್ದಾರಿ ಇಲ್ಲ ಅಂತ ತಮ್ಮ ತಿಳಿಯಬಾರದು. ಈ ಕೆಲಸದಲ್ಲಿ ಕಾಯುವುದು ರಿಜಿಸ್ಟರ್ ಒಂದೇ. ಉದ್ದನೆಯ ಲೆಕ್ಕದ ಪುಸ್ತಕ ತಂದು ಗೆರೆ ಹೊಡೆಯಿರಿ. ತಾರೀಖು, ಹೊತ್ತು, ಹೆಸರು, ಮೊಬೈಲ್, ಯಾವ ವಿಳಾಸದಲ್ಲಿ ಯಾವ ಕೀಲಿ, ಕೊನೆಗೆ ಸಹಿ. ಗಾಡಿ ಚಾವಿ ಆದರೆ ಆರ್‌ಸಿ ನೋಡಿ ಗಾಡಿ ನಂಬರ್ ಬರೆಯಬೇಕು. ಸಾಬೂನಿನ ಮೇಲೆ ಅಚ್ಚು ಒತ್ತಿ ತಂದವರಿಗೆ, ಚಾವಿಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸುವವರಿಗೆ ಮಾಡಿಕೊಡಲೇಬಾರದು. ಎಷ್ಟೇ ರೊಕ್ಕ ಕೊಟ್ಟರೂ ಸರಿ.

ರಾತ್ರಿ ಮನೆ ಬಾಗಿಲು ತೆಗೆಯಲು ಕರೆದಾಗ ನಾನು ಮೊದಲು ಪಕ್ಕದ ಮನೆಯವರನ್ನು ಕರೆಸುತ್ತೇನೆ. ಹೋದ ಬೇಸಿಗೆಯಲ್ಲಿ ಒಬ್ಬ ಹೆಣ್ಣುಮಗಳು ಮಗು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು, ಆಧಾರ್ ಕಾರ್ಡು ಒಳಗೇ ಇತ್ತು. ಎದುರು ಮನೆಯ ಅಜ್ಜಿ ಬಂದು "ಇವಳು ನಮ್ಮ ಓಣಿಯವಳೇ" ಅಂದ ಮೇಲೆ ಕೀಲಿಗೆ ಕೈ ಹಾಕಿದೆ. ಬಾಗಿಲು ತೆಗೆದ ಮೇಲೆ ಆಧಾರ್ ತರಿಸಿ ವಿಳಾಸ ನೋಡಿ, ಇಬ್ಬರ ಸಹಿ ಹಾಕಿಸಿಕೊಂಡೆ. ಆ ತಾಯಿ ಬೇಜಾರು ಮಾಡಿಕೊಳ್ಳಲಿಲ್ಲ. ಸರಿಯಾದವರು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ಮನೆ ಮಾಲೀಕರು "ಬಾಡಿಗೆಯವನು ಊರಿಗೆ ಹೋಗಿದ್ದಾನೆ, ಕೀಲಿ ಒಡೆದು ಹೊಸದು ಹಾಕು" ಅಂತ ಕರೀತಾರೆ. ಹೋಗಬೇಡಿ. ಮನೆ ಅವರದೇ ಇರಬಹುದು, ಆದರೆ ಒಳಗೆ ಇರುವ ಸಂಸಾರ ಬಾಡಿಗೆಯವನದು. ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಂನಲ್ಲಿ, ಅತಿಕ್ರಮವಾಗಿ ಒಳಗೆ ಹೋಗಲು ಕೀಲಿ ತೆಗೆದರೂ ಅದು ಕನ್ನ ಹಾಕಿದಂತೆಯೇ. ಮಾಲೀಕರ ಜಗಳದಲ್ಲಿ ನಮ್ಮ ಹೆಸರು ಯಾಕೆ ಬರಬೇಕು, ಅಲ್ವಾ?

ಕ್ಯಾಮೆರಾ ಕೆಲಸದವರು, ಬೀದರ್:
ಮೇಲಿನವರು ಹೇಳಿದ್ದು ಸರಿ. ಅಲಾರಂ, ಕ್ಯಾಮೆರಾ ಕಡೆಯದು ನಾನು ಹೇಳುತ್ತೇನೆ. ಸುಮ್ನೆ ಕೂಡಿಸಿ ರಿಪೇರಿ ಮಾಡಿಕೊಡುವುದಾದರೆ ಟ್ರೇಡ್ ಲೈಸೆನ್ಸ್ ಸಾಕು. "ರಾತ್ರಿ ಕಾವಲಿಗೆ ಒಬ್ಬ ಹುಡುಗನನ್ನೂ ಕೊಡ್ತೀವಿ" ಅಂದ ಕೂಡಲೇ ಕತೆ ಬೇರೆ. ಆಗ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆ ಬರುತ್ತದೆ. ನಮ್ಮವರು ಪಸಾರಾ ಲೈಸೆನ್ಸ್ ಅನ್ನುವುದು ಅದನ್ನೇ. ಕಾಯ್ದೆಯಲ್ಲಿ ಬರೆದ ಶುಲ್ಕ ಒಂದು ಜಿಲ್ಲೆಗೆ 5,000, ಐದು ಜಿಲ್ಲೆವರೆಗೆ 10,000, ಇಡೀ ರಾಜ್ಯಕ್ಕೆ 25,000 ರೂಪಾಯಿ. ಐದು ವರ್ಷ ನಡೆಯುತ್ತದೆ. ಲೈಸೆನ್ಸ್ ಇಲ್ಲದೆ ಕಾವಲುಗಾರರನ್ನು ಕೊಟ್ಟರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 25,000ದವರೆಗೆ ದಂಡ, ಎರಡೂ ಆಗಬಹುದು.

ಅಗ್ಗದ ಕ್ಯಾಮೆರಾ ಹಳೇ ಸ್ಟಾಕ್ ತುಂಬಿಕೊಳ್ಳಬೇಡಿ. 2025ರ ಏಪ್ರಿಲ್‌ನಿಂದ ಸಿಸಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಪರೀಕ್ಷೆ ಕಡ್ಡಾಯವಾಗಿದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ನಂಬರ್ ನೋಡಿಯೇ ಮಾಲು ತನ್ನಿ. ಜನ ಜಾಸ್ತಿ ಸೇರುವ ಜಾಗಗಳಿಗೆ ಹಾಕುವಾಗ 30 ದಿನದ ರೆಕಾರ್ಡಿಂಗ್ ಉಳಿಯುವಷ್ಟು ಹಾರ್ಡ್ ಡಿಸ್ಕ್ ಕೊಡಿ, 2017ರ ರಾಜ್ಯದ ಕಾಯ್ದೆ ಅದನ್ನು ಕೇಳುತ್ತದೆ. ಹೊಸ ಕರೆಂಟ್ ಲೈನ್ ಎಳೆಯುವುದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಗೆ ಬಿಡಿ.

ಸುರಪುರದಿಂದ ಒಬ್ಬರು:
ಕೇಂದ್ರ ಸರ್ಕಾರ ಕೈಕಸುಬಿನವರಿಗೆ ತಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕೀಲಿ ಮಾಡುವವರೂ ಇದ್ದಾರೆ. ಅದರ ಗುರುತಿನ ಚೀಟಿ ಲೈಸೆನ್ಸ್ ಅಲ್ಲ, ಆದರೂ ಗಿರಾಕಿಗೆ ತೋರಿಸಲು ಒಂದು ಆಧಾರ. ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ ಸಾಲ. ಮನೆಗೆ ಒಬ್ಬರಿಗೆ ಮಾತ್ರ. ಸಿಎಸ್‌ಸಿ (ಸಾಮಾನ್ಯ ಸೇವಾ) ಕೇಂದ್ರದಲ್ಲಿ ವಿಚಾರಿಸಿ.

ಅಕ್ಕನ ಮಗ ಅಮೆರಿಕದಲ್ಲಿರುವವರು, ಕಲಬುರಗಿ:
ಅಮೆರಿಕದ ಕೆಲವು ರಾಜ್ಯಗಳಲ್ಲಿ ಈ ಕಸುಬಿಗೇ ಲೈಸೆನ್ಸ್ ಇದೆ. ಟೆಕ್ಸಾಸ್‌ನಲ್ಲಿ ಬೆರಳಚ್ಚು ಕೊಟ್ಟು ಹಿಂದಿನ ಕೇಸುಗಳ ತಪಾಸಣೆ ಆಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಬೇರೆಯವರ ಮನೆ ಕೀಲಿ ತೆಗೆದರೆ ಹೆಸರು, ವಿಳಾಸ, ಸಹಿ ಪಡೆದು ಆ ಕಾಗದವನ್ನು ಎರಡು ವರ್ಷ ಇಡಬೇಕು. ನಮ್ಮಲ್ಲೂ ಇಂಥದ್ದು ಬರಬೇಕು ಅನ್ನುವವನು ನಾನು. ಒಳ್ಳೆಯ ಕೆಲಸಗಾರರಿಗೆ ಅದರಿಂದ ಮರ್ಯಾದೆ ಹೆಚ್ಚುತ್ತದೆ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಏಜೆಂಟನಿಗೆ ಬೇಡ ಅಂದೆ. ಕೆಲಸಕ್ಕೆ ಹುಡುಗರನ್ನು ಇಟ್ಟುಕೊಂಡರೆ?

ಚಾವಿ ಅಂಗಡಿಯವರು, ಕಲಬುರಗಿ:
ಸೇವಾ ಸಿಂಧುವಿನಲ್ಲಿ ಪೊಲೀಸ್ ವೆರಿಫಿಕೇಶನ್‌ಗೆ ಅರ್ಜಿ ಹಾಕಿಸಿ, ಸರ್ಟಿಫಿಕೇಟ್ ಬಂದ ಮೇಲೆಯೇ ಮನೆಗಳಿಗೆ ಕಳಿಸಿ. ಮೊದಮೊದಲು ಒಬ್ಬನನ್ನೇ ಕಳಿಸಬೇಡಿ, ತಮ್ಮನೂ ಜೊತೆಗಿರಲಿ. ಅಂಗಡಿಗೆ ಬಂದರೆ ನನ್ನ ರಿಜಿಸ್ಟರಿನ ಗೆರೆ ಹೇಗಿದೆ ಅಂತ ತೋರಿಸುತ್ತೇನೆ. ಭಾನುವಾರ ಬಿಟ್ಟು ಯಾವತ್ತಾದರೂ ಬನ್ನಿ.