ಸಹಾಯ ಬೇಕು: ಬೋಟ್ ಎಂಜಿನ್‌ಗೆ ಅಲ್ಯೂಮಿನಿಯಂ ಹೆಡ್ಡಾ, ಕಬ್ಬಿಣದ ಹೆಡ್ಡಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಫ್ಲಾರಿಡಾದ ಟ್ಯಾಂಪಾದಲ್ಲಿ. ನಮ್ಮ ಹಳೇ ಬೋಟಿನಲ್ಲಿ ಶೆವರ್ಲೆಯ 5.7 ಲೀಟರ್ ವಿ8 ಪೆಟ್ರೋಲ್ ಎಂಜಿನ್ ಇದೆ. ಬ್ಲಾಕ್ (ಎಂಜಿನ್ನಿನ ಮುಖ್ಯ ಒಡಲು), ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಎರಡೂ ಎರಕದ ಕಬ್ಬಿಣ. ಓಡುವುದೆಲ್ಲ ಉಪ್ಪುನೀರಿನಲ್ಲಿ. ಸಮುದ್ರದ ನೀರೇ ನೇರವಾಗಿ ಎಂಜಿನ್ ಒಳಗೆ ಹರಿದು ತಂಪು ಮಾಡುತ್ತದೆ. ಈಗ ಹೆಡ್ ಬಿಚ್ಚಿ ನೋಡಿದರೆ ನೀರಿನ ದಾರಿಯಲ್ಲಿ ತುಕ್ಕು ಪದರಪದರವಾಗಿ ಎದ್ದಿದೆ. ಸ್ಕ್ರೂಡ್ರೈವರ್ ತಾಗಿಸಿದರೆ ಸಾಕು, ಚಕ್ಕೆಚಕ್ಕೆಯಾಗಿ ಉದುರುತ್ತದೆ. ಎರಡೂ ಹೆಡ್ ಬದಲಿಸಲೇಬೇಕು.

ಗೆಳೆಯರೊಬ್ಬರು ಅಲ್ಯೂಮಿನಿಯಂ ಹಾಕಿಸಿ ಅಂತಾರೆ. ತೂಕ ಕಡಿಮೆ, ಶಾಖವೂ ಬೇಗ ಬಿಡುತ್ತದೆ, ಒಪ್ಪುತ್ತೇನೆ. ಆದರೆ ಉಪ್ಪುನೀರಿನಲ್ಲಿ ಕಬ್ಬಿಣಕ್ಕೆ ತಾಗಿಕೊಂಡಿದ್ದರೆ ಮೊದಲು ಸವೆಯುವುದು ಅಲ್ಯೂಮಿನಿಯಮ್ಮೇ ಅಲ್ವಾ? ಬಿಸಿಯಾದಾಗ ಅದು ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ಕೂರಿಸುವ ಹೆಡ್ ಗ್ಯಾಸ್ಕೆಟ್‌ಗೂ ಅದರಿಂದ ಪೆಟ್ಟು ಜಾಸ್ತಿ. ಬೋಟಿನ ಹಿಂದೆ ಹೊರಗಡೆ ಕೂರಿಸುವ ಔಟ್‌ಬೋರ್ಡ್ ಎಂಜಿನ್‌ಗಳು ಅಲ್ಯೂಮಿನಿಯಂ ತಾನೇ ಅಂತ ನೀವು ಕೇಳಬಹುದು. ಅವುಗಳಲ್ಲಿ ಬ್ಲಾಕ್ ಕೂಡ ಅದೇ ಲೋಹ, ಜೊತೆಗೆ ತಾನು ಸವೆದು ಎಂಜಿನ್ ಕಾಯುವ ಆನೋಡ್ ಇರುತ್ತದೆ.

ನನ್ನ ಮನಸ್ಸು ಕಬ್ಬಿಣದ ಕಡೆಗೇ ಇದೆ. ಆದರೂ ಒಂದು ಪ್ರಶ್ನೆ. ಹೀಟ್ ಎಕ್ಸ್‌ಚೇಂಜರ್ (ಸಮುದ್ರದ ನೀರಿನಿಂದ ಕೂಲೆಂಟ್ ದ್ರವವನ್ನು ತಂಪು ಮಾಡುವ ಸಾಧನ) ಕೂರಿಸಿ, ಬ್ಲಾಕ್ ಮತ್ತು ಹೆಡ್ ಒಳಗೆ ಬರೀ ಕೂಲೆಂಟ್ ಓಡುವಂತೆ ಮಾಡಿದರೆ ಅಲ್ಯೂಮಿನಿಯಂ ಬಾಳಿಕೆ ಬರುತ್ತದೆಯೇ? ಇಷ್ಟು ವರ್ಷ ಉಪ್ಪುನೀರು ಕುಡಿದ ಬ್ಲಾಕಿಗೆ ಆ ಖರ್ಚು ಮಾಡಬಹುದೇ? ಮಲ್ಪೆ, ಮಂಗಳೂರು ಕಡೆ ಬೋಟ್ ಎಂಜಿನ್ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಹೆಡ್ ಆರ್ಡರ್ ಮಾಡುವುದನ್ನು ಅದಕ್ಕೇ ತಡೆದಿದ್ದೇನೆ.