ಅಪ್‌ಡೇಟ್: ರೋಮಿನ ಮೇಲ್ಗಾಲುವೆ ನೋಡೋಕೆ ಮೆಟ್ರೋ ಒಂದೇ ಸಾಕು

ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಜೊತೆ ರೋಮಿಗೆ ಹೋಗ್ತಿದೀವಿ, ರೋಮನ್ ಫೋರಂನ ಅವಶೇಷ, ಕೊಲೋಸಿಯಂ ನೋಡಿ ಆದ್ಮೇಲೆ ಉಳಿಯೋ ಒಂದೇ ದಿನದಲ್ಲಿ ಬಾಡಿಗೆ ಬಸ್ಸಿಲ್ಲದೆ ಊರಿಗೆ ನೀರು ತರ್ತಿದ್ದ ಹಳೇ ಮೇಲ್ಗಾಲುವೆಗಳನ್ನ (ಅಕ್ವಡಕ್ಟ್) ಎಲ್ಲಿ ನೋಡಬಹುದು ಅಂತ ಇಲ್ಲಿ ಕೇಳಿದ್ದೆ. ಹೋಗಿ ಬಂದ್ವಿ.

ಮೆಟ್ರೋ ಎ ಲೈನಲ್ಲಿ ಜೂಲಿಯೋ ಅಗ್ರಿಕೋಲಾದಲ್ಲಿ ಇಳಿದು ಅಕ್ವಡಕ್ಟ್ ಪಾರ್ಕಿಗೆ ನಡೀರಿ ಅಂದವರಿಗೆ ದೊಡ್ಡ ನಮಸ್ಕಾರ. ಟಿಕೆಟ್ಟೂ ಇಲ್ಲ, ನೂಕುನುಗ್ಗಲೂ ಇಲ್ಲ. ಕ್ರಿ.ಶ. 52ರಲ್ಲಿ ಮುಗಿದ ಅಕ್ವಾ ಕ್ಲಾಡಿಯಾ ಅನ್ನೋ ಮೇಲ್ಗಾಲುವೆಯ ಕಮಾನುಗಳ ಬುಡಕ್ಕೇ ಹೋಗಿ ನಿಲ್ಲಬಹುದು. ಅಲ್ಲೇ ಇರೋ ಗಿಡ್ಡ ಸಾಲು ಮಾತ್ರ ರೋಮನ್ನರದಲ್ಲ. 16ನೇ ಶತಮಾನದಲ್ಲಿ ಪೋಪ್ ಐದನೇ ಸಿಕ್ಸ್ಟಸ್ ಕಟ್ಟಿಸಿದ ಅಕ್ವಾ ಫೆಲಿಚೆ. ರೋಮನ್ನರ ಹಳೇ ಮೇಲ್ಗಾಲುವೆ ಅಕ್ವಾ ಮಾರ್ಸಿಯಾವನ್ನ ಕೆಡವಿ ಅದರ ಕಲ್ಲನ್ನೇ ಇದಕ್ಕೆ ಬಳಸಿದಾರೆ. ನಮ್ಮ ಹುಡುಗ್ರು ಜಗಳ ಆಡಿದ್ದೆಲ್ಲ ಇದರ ಬಗ್ಗೆನೇ!

ಹಳೇ ನಗರದ ಹೆಬ್ಬಾಗಿಲು ಪೋರ್ಟಾ ಮಜ್ಜೋರೆ ನೋಡಿ ಅಂತ ಸೂಚಿಸಿದ್ದವರೂ ಗೆದ್ರು. ಹೆಬ್ಬಾಗಿಲ ಮೇಲೆ ಕ್ಲಾಡಿಯಾ, ಅದರ ಮೇಲೆ ಅನಿಯೊ ನೋವಸ್ ಅನ್ನೋ ಇನ್ನೊಂದು ಮೇಲ್ಗಾಲುವೆ, ಎರಡೂ ಕಾಲುವೆಗಳ ಅಡ್ಡಕೊಯ್ತ ಕಣ್ಣಿಗೆ ಕಾಣುತ್ತೆ. ಪಾಠಕ್ಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ ಅನ್ನಿಸ್ತು.

ಅದೇ ದಿನ ರೋಮನ್ನರ ಹಳೇ ಅಪ್ಪಿಯನ್ ರಸ್ತೆಯಲ್ಲೂ ನಡೀರಿ ಅನ್ನೋ ಸಲಹೆ ಆಗ್ಲಿಲ್ಲ. ಆ ಬಿಸಿಲಲ್ಲಿ ಗುಂಪು ಕಟ್ಕೊಂಡು ಸಾಧ್ಯವಿಲ್ಲ, ಬೇರೆ ದಿನ ಇಟ್ಕೊಳ್ಳಿ.

ನಮಗೆ ಮೊದಲು ಗೊತ್ತಿಲ್ಲದ ಸಂಗತಿ ಅಂದ್ರೆ, ಸುಮಾರು 69 ಕಿ.ಮೀ. ಉದ್ದದ ಕ್ಲಾಡಿಯಾದ ಹೆಚ್ಚಿನ ಪಾಲು ನೆಲದೊಳಗೇ ಇತ್ತಂತೆ. ಕ್ರಿ.ಪೂ. 19ರ ಇನ್ನೊಂದು ಕಾಲುವೆ ಅಕ್ವಾ ವಿರ್ಗೋ ಅಂತೂ ಬಹುಪಾಲು ಭೂಗತ. ರಿಪೇರಿ ಮೇಲೆ ರಿಪೇರಿ ಆಗಿ ಇವತ್ತಿಗೂ ಟ್ರೆವಿ ಕಾರಂಜಿಗೆ ನೀರು ಕೊಡ್ತಿದೆ. ಸಂಜೆ ಅಲ್ಲಿಗೇ ಹೋಗಿ, ದಾರಿ ಸರಿಹೋಗುತ್ತೆ.