ಪದ ಬೇಕು: ‘ಬ್ಲಡ್ ಫ್ಲೋ ರಿಸ್ಟ್ರಿಕ್ಷನ್’ ವ್ಯಾಯಾಮಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಕೆಲಸ ಮಾಡುತ್ತೇನೆ. ಕ್ಯಾನ್ಸರ್ ಚಿಕಿತ್ಸೆ ತಗೊಳ್ಳುತ್ತಿರುವವರಿಗೆ ಈ ವ್ಯಾಯಾಮದ ಬಗ್ಗೆ ಒಂದು ಕನ್ನಡ ಹಾಳೆ ಬರೆಯುತ್ತಿದ್ದೇನೆ. ಹೆಸರಿನಲ್ಲೇ ನಿಂತುಬಿಟ್ಟಿದೆ.

ವಿಷಯ ಇಷ್ಟು. ರಟ್ಟೆಯ ಅಥವಾ ತೊಡೆಯ ಮೇಲ್ತುದಿಗೆ ಗಾಳಿ ತುಂಬುವ ಪಟ್ಟಿ ಸುತ್ತುತ್ತಾರೆ, ಬಿಪಿ ನೋಡುವಾಗ ಸುತ್ತುವಂಥದ್ದು. ಕೈಗೋ ಕಾಲಿಗೋ ಬರುವ ರಕ್ತ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ವಾಪಸ್ ಹೋಗುವ ರಕ್ತಕ್ಕೆ ತಡೆ ಬೀಳುತ್ತದೆ. ಹಾಗಿಟ್ಟುಕೊಂಡು ತೀರಾ ಹಗುರವಾದದ್ದನ್ನು ಎತ್ತುವುದು. ಒಬ್ಬರು ಒಂದೇ ಸಲ ಎತ್ತಬಲ್ಲ ಭಾರದ ಶೇ 20ರಿಂದ 30ರಷ್ಟು ಸಾಕು. ಸಾಮಾನ್ಯವಾಗಿ ಮೊದಲು 30 ಸಲ, ಆಮೇಲೆ 15ರಂತೆ ಮೂರು ಸುತ್ತು, ನಡುವೆ ಅರ್ಧ ನಿಮಿಷ ಬಿಡುವು. ಜಪಾನಿನ ಯೋಶಿಯಾಕಿ ಸಾಟೊ ‘ಕಾಟ್ಸು’ ಅನ್ನುವ ಹೆಸರಲ್ಲಿ ಇದನ್ನು ಬೆಳೆಸಿದರು. ಕೀಮೋದಿಂದ ಸುಸ್ತಾಗಿ, ಮೈಯಲ್ಲಿನ ಕಂಡ (ಸ್ನಾಯು) ಕರಗಿ, ಭಾರ ಎತ್ತಲಾಗದವರಿಗೂ ಇದರಿಂದ ತ್ರಾಣ ಬರಬಹುದು ಅನ್ನುವ ಆಸೆ ಇದೆ. ಅವರ ಮೇಲೆ ಆಗಿರುವ ಅಧ್ಯಯನಗಳು ಮಾತ್ರ ಇನ್ನೂ ಸಣ್ಣವು.

ಈಗ ಹೆಸರು. ‘ರಕ್ತಪ್ರವಾಹ ನಿರ್ಬಂಧ ತರಬೇತಿ’ ಅಂತ ಬರೆದರೆ ನವಲಗುಂದ, ನರಗುಂದದ ಕಡೆಯವರಿಗೆ ಮೊದಲು ನೆನಪಾಗುವುದು 2019ರಲ್ಲಿ ಮಲಪ್ರಭಾ ಹೊಳೆ ಬಂದದ್ದು. ಅದನ್ನು ಬಿಟ್ಟೆ. ‘ರಕ್ತ ಕಟ್ಟಿ ಮಾಡುವ ವ್ಯಾಯಾಮ’ ಅಂತ ಒಬ್ಬ ಗೆಳೆಯರು ಸೂಚಿಸಿದರು. ಕಿವಿಗೆ ಸಲೀಸಾಗಿದೆ, ಆದರೆ ನನಗೆ ಭಯವಾಯಿತು. ನಮ್ಮಲ್ಲಿ ರಕ್ತ ಕಟ್ಟುವುದು ಅಂದರೆ ಹೆಪ್ಪುಗಟ್ಟುವುದು. ಕ್ಯಾನ್ಸರ್ ಇದ್ದವರಿಗೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಮೊದಲೇ ಜಾಸ್ತಿ, ಹಾಗೆ ಹೆಪ್ಪುಗಟ್ಟಿದ್ದರೆ ಈ ಪಟ್ಟಿಯನ್ನು ಮುಟ್ಟಲೇಬಾರದು. ಯಾವುದು ಆಗಬಾರದೋ ಅದನ್ನೇ ಹೆಸರಾಗಿ ಇಟ್ಟರೆ ಹೇಗೆ?

‘ಪಟ್ಟಿ ಬಿಗಿದು ಮಾಡುವ ವ್ಯಾಯಾಮ’ ಎಲ್ಲರಿಗೂ ತಿಳಿಯುತ್ತದೆ. ಆದರೆ ಬಿಗಿಯುವುದು ಅಂತ ಓದಿದ ಯಾರಾದರೂ ಮನೆಯಲ್ಲಿ ಟವೆಲ್ ಸುತ್ತಿ ಗಂಟು ಹಾಕಿದರೆ? ಇಲ್ಲಿ ಒತ್ತಡವನ್ನು ಆಯಾ ಕೈಗೆ, ಆಯಾ ಕಾಲಿಗೆ ಅಳೆದೇ ಕೊಡಬೇಕು. ರಕ್ತ ಪೂರ್ತಿ ನಿಲ್ಲಿಸಲು ಎಷ್ಟು ಒತ್ತಡ ಬೇಕೋ ಅದರ ಶೇ 40ರಿಂದ 80ರೊಳಗೆ ಇಡುತ್ತಾರೆ. ಈ ಅಳತೆ ಹೆಸರಿನಲ್ಲೇ ಇರಬೇಕು ಅನ್ನುವುದು ನನ್ನ ಹಟ. ‘ಅಳತೆಪಟ್ಟಿ’ ಅಂದರೆ ಟೇಲರ್ ನೆನಪಾಗುತ್ತಾನೆ. ‘ಹದಬಿಗಿ ವ್ಯಾಯಾಮ’ ಹೇಗೆ? ನೆಲದ ಹದ, ಹಿಟ್ಟಿನ ಹದ ಎಲ್ಲರಿಗೂ ಗೊತ್ತು, ಜಾಸ್ತಿಯೂ ಅಲ್ಲ ಕಡಿಮೆಯೂ ಅಲ್ಲ ಅನ್ನುವುದು ಅದರಲ್ಲೇ ಬರುತ್ತದಲ್ವಾ?

ಇನ್ನೊಂದೆರಡು ಮಾತು. ‘ನರ’ ಅಂದರೆ ನಮ್ಮ ಕಡೆ ರಕ್ತನಾಳವೂ ಹೌದು, ನಿಜವಾದ ನರವೂ ಹೌದು. ‘ಅಪಧಮನಿ’, ‘ಅಭಿಧಮನಿ’ ಪಾಠದ ಪುಸ್ತಕದಾಚೆ ಯಾರ ಬಾಯಲ್ಲೂ ಇಲ್ಲ. ‘ರಕ್ತ ತರುವ ನಾಳ, ಒಯ್ಯುವ ನಾಳ’ ಅಂತ ಬರೆದಿದ್ದೇನೆ, ಸಾಕಾ?

ವ್ಯಾಯಾಮ ಮಾಡುವಾಗ ಕಂಡ ಉರಿಯುವುದು ಸಹಜ. ಜೋಮು ಹಿಡಿದು ಬೆರಳು ಮರಗಟ್ಟಿದರೆ ತಕ್ಷಣ ಪಟ್ಟಿ ಸಡಿಲಿಸಬೇಕು. ಹಾಳೆಯಲ್ಲಿ ಈ ಎರಡು ಮಾತು ಕಲಸಿಹೋಗಬಾರದು. ಗದಗ, ಹಾವೇರಿ ಕಡೆ ಜೋಮಿಗೆ ಬೇರೆ ಮಾತಿದ್ದರೆ ತಿಳಿಸಿ.

ಕೊನೆಯದು ‘ಬಾವು’. ಸ್ತನ ಕ್ಯಾನ್ಸರ್‌ಗೆ ಕಂಕುಳಿನ ಗ್ರಂಥಿ ತೆಗೆದ ಮೇಲೆ ಕೆಲವರಿಗೆ ಆ ಕೈ ಊದಿಕೊಳ್ಳುತ್ತದೆ. ಆ ಕೈಗೆ ವೈದ್ಯರನ್ನು ಕೇಳದೆ ಪಟ್ಟಿ ಸುತ್ತಬಾರದು. ‘ಬಾವು’ ಅಂತ ಬರೆದರೆ ಕೀವು ತುಂಬಿದ್ದು ಅಂತಲೂ ಓದಿಕೊಳ್ಳುತ್ತಾರೆ. ‘ನಿಮ್ಮ ಒಂದು ಕೈ ಇನ್ನೊಂದಕ್ಕಿಂತ ದಪ್ಪ ಆಗಿದೆಯಾ, ಬಳೆ ಬಿಗಿಯಾಗಿದೆಯಾ’ ಅಂತ ನೇರವಾಗಿ ಕೇಳಿಬಿಡಲಾ, ಅಥವಾ ಇದಕ್ಕೆ ಒಂದೇ ಪದ ನಿಮ್ಮಲ್ಲಿ ಇದೆಯಾ?